ಕ್ರಯೋಜೆಲ್

ಕ್ರಯೋಜೆಲ್ ಎಂಬುದು ದ್ರಾವಕದ ಬಹುಭಾಗ ಹೆಪ್ಪುಗಟ್ಟಿರುವ ಸ್ಥಿತಿಯಲ್ಲಿ ರೂಪುಗೊಳ್ಳುವ ಪಾಲಿಮರ್ ಜೆಲ್. ದ್ರಾವಕದ ಸ್ಫಟಿಕಗಳು, ಸಾಮಾನ್ಯವಾಗಿ ಮಂಜುಗಡ್ಡೆಯ ಹರಳುಗಳು, ಇದರಲ್ಲಿ ಅಚ್ಚಿನಂತೆ ಕೆಲಸ ಮಾಡುತ್ತವೆ. ಅವುಗಳ ಸುತ್ತ ಜೆಲ್ ಗಟ್ಟಿಯಾದ ಬಳಿಕ ಮಂಜುಗಡ್ಡೆ ಕರಗಿದಾಗ, ಹರಳುಗಳಿದ್ದ ಜಾಗಗಳೇ ಒಂದಕ್ಕೊಂದು ಕೂಡಿಕೊಂಡ ರಂಧ್ರಗಳಾಗಿ ಉಳಿಯುತ್ತವೆ. ಸಾಮಾನ್ಯ ಹೈಡ್ರೋಜೆಲ್‌ಗಳ ರಂಧ್ರಗಳನ್ನು ನ್ಯಾನೊಮೀಟರ್‌ಗಳಲ್ಲಿ ಅಳೆಯುವುದಾದರೆ, ಜೈವಿಕ ತಂತ್ರಜ್ಞಾನದಲ್ಲಿ ಬಳಕೆಯಾಗುವ ಕ್ರಯೋಜೆಲ್‌ಗಳ ರಂಧ್ರಗಳು ಸುಮಾರು 10ರಿಂದ 200 ಮೈಕ್ರೊಮೀಟರ್‌ಗಳಷ್ಟಿರುತ್ತವೆ. ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ರಕ್ತಕಣಗಳು ಅವುಗಳ ಮೂಲಕ ತಡೆಯಿಲ್ಲದೆ ಹಾದುಹೋಗಬಲ್ಲವು. ಜೀವಕೋಶಗಳನ್ನೂ ಪ್ರೋಟೀನ್‌ಗಳನ್ನೂ ಬೇರ್ಪಡಿಸುವುದು, ಕಿಣ್ವಗಳನ್ನೂ ಸೂಕ್ಷ್ಮಜೀವಿಗಳನ್ನೂ ನೆಲೆಗೊಳಿಸುವುದು, ಅಂಗಾಂಶಗಳನ್ನು ಬೆಳೆಸಲು ಹಂದರ ಒದಗಿಸುವುದು ಇವುಗಳ ಮುಖ್ಯ ಉಪಯೋಗಗಳು.

ಹೆಸರು

ಹಿಮ ಅಥವಾ ಮಂಜುಗಡ್ಡೆ ಎಂಬ ಅರ್ಥದ ಗ್ರೀಕ್ ಪದ 'ಕ್ರಯೋಸ್' ಈ ಹೆಸರಿನ ಮೊದಲ ಭಾಗ. ಹೆಸರು ಒಂದೇ ಆದರೂ ಅದನ್ನು ಬೇರೆ ಬೇರೆ ಅರ್ಥಗಳಲ್ಲಿ ಬಳಸುವ ರೂಢಿಯಿರುವುದರಿಂದ ಓದುಗರಲ್ಲಿ ಗೊಂದಲ ಉಂಟಾಗುವುದು ಸಹಜ. ಸೋಲ್-ಜೆಲ್ ರಸಾಯನಶಾಸ್ತ್ರದಲ್ಲಿ, ಮೊದಲೇ ಸಿದ್ಧವಾದ ಜೆಲ್ಲನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದಾಗ ದೊರೆಯುವ ಒಣ ಪದಾರ್ಥವನ್ನೂ ಕ್ರಯೋಜೆಲ್ ಎನ್ನುತ್ತಾರೆ. ಅಲ್ಲಿ ಇದು ಏರೋಜೆಲ್ ಮತ್ತು ಕ್ಸೀರೋಜೆಲ್‌ಗಳ ಸಾಲಿಗೆ ಸೇರುತ್ತದೆ. ಉಳುಕಿದ ಕಾಲಿಗೆ ಇಡುವ ತಣ್ಣನೆಯ ಜೆಲ್ ಚೀಲಗಳಿಗೂ ಇಂಥದೇ ಹೆಸರುಗಳಿವೆ. ಅವುಗಳಿಗೂ ಈ ಲೇಖನದ ವಿಷಯಕ್ಕೂ ಸಂಬಂಧವಿಲ್ಲ. ಇಲ್ಲಿ ವಿವರಿಸಿರುವ ಅರ್ಥದಲ್ಲಿ ನಿರ್ಣಾಯಕವಾದ ಅಂಶವೆಂದರೆ, ಜೆಲ್ ಹುಟ್ಟುವುದೇ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ (ಅಥವಾ ಅದು ಕರಗುವ ಹಂತದಲ್ಲಿ) ಎಂಬುದು. ಆ ಬಳಿಕ ಅದನ್ನು ಒಣಗಿಸಬಹುದು, ಒದ್ದೆಯಾಗಿಯೂ ಇಡಬಹುದು.

ಹಿನ್ನೆಲೆ

ಹೆಪ್ಪುಗಟ್ಟಿ ಕರಗಿದ ಜೆಲ್ ಸ್ಪಂಜಿನಂತಾಗುವುದನ್ನು ಪ್ರಯೋಗಾಲಯಗಳಿಗಿಂತ ಬಹಳ ಮೊದಲೇ ಅಡುಗೆಮನೆಗಳು ಬಲ್ಲವು. ಜಪಾನಿನ ಕೋಯಾ ಬೆಟ್ಟದ ಹೆಸರು ಹೊತ್ತ 'ಕೋಯಾ-ದೋಫು' ಎಂಬುದು ಹೆಪ್ಪುಗಟ್ಟಿಸಿ ಒಣಗಿಸಿದ ಸೋಯಾ ತೋಫು. ನುಣುಪಾದ ತೋಫು ಮಂಜುಗಡ್ಡೆಯ ಹರಳುಗಳಿಂದಾಗಿ ತೂತುತೂತಾಗಿ, ಸಾರನ್ನು ಹೀರಿಕೊಳ್ಳುವ ಗುಣ ಪಡೆಯುತ್ತದೆ. ಭಾರತದ ಅಂಗಡಿಗಳಲ್ಲಿ 'ಚೈನಾ ಗ್ರಾಸ್' ಎಂದು ಮಾರಾಟವಾಗುವ ಅಗರ್ ಎಳೆಗಳ ಸಾಂಪ್ರದಾಯಿಕ ತಯಾರಿಕೆಯೂ ಇದನ್ನೇ ಅವಲಂಬಿಸಿದೆ: ಕಡಲಪಾಚಿಯಿಂದ ತೆಗೆದ ಜೆಲ್ಲನ್ನು ಚಳಿಗಾಲದ ರಾತ್ರಿಗಳಲ್ಲಿ ಬಯಲಿನಲ್ಲಿಟ್ಟು ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿನಲ್ಲಿ ಕರಗಿಸಿದಾಗ ನೀರಿನೊಂದಿಗೆ ಕಲ್ಮಶಗಳೂ ಹರಿದುಹೋಗಿ ಹಗುರವಾದ ಎಳೆ ಉಳಿಯುತ್ತದೆ.

ಸಂಶ್ಲೇಷಿತ ಪಾಲಿಮರ್‌ಗಳಲ್ಲಿ ಮೊದಲು ಗಮನ ಸೆಳೆದದ್ದು ಪಾಲಿವಿನೈಲ್ ಆಲ್ಕೊಹಾಲ್. ಇದರ ಜಲೀಯ ದ್ರಾವಣವನ್ನು ಹೆಪ್ಪುಗಟ್ಟಿಸಿದಾಗ ಸಣ್ಣ ಸ್ಫಟಿಕ ವಲಯಗಳು ಉಂಟಾಗುತ್ತವೆಂದು ನಿಕೊಲಸ್ ಪೆಪ್ಪಾಸ್ 1975ರಲ್ಲಿ ವರದಿ ಮಾಡಿದರು. ಮುಂದಿನ ವರ್ಷಗಳಲ್ಲಿ ಜಪಾನಿನಲ್ಲಿಯೂ ಸೋವಿಯತ್ ಒಕ್ಕೂಟದಲ್ಲಿಯೂ ಈ ಜೆಲ್‌ಗಳ ಅಧ್ಯಯನ ಬೆಳೆಯಿತು. ಮಾಸ್ಕೋದ ನೆಸ್ಮೆಯಾನೊವ್ ಸಂಸ್ಥೆಯ ವ್ಲಾದಿಮಿರ್ ಲೊಜಿನ್‌ಸ್ಕಿ ಅವರು ಹೆಪ್ಪುಗಟ್ಟಿದ ವ್ಯವಸ್ಥೆಗಳಲ್ಲಿ ಜೆಲ್ ಉಂಟಾಗುವ ಪ್ರಕ್ರಿಯೆಯನ್ನು ದಶಕಗಳ ಕಾಲ ಕ್ರಮಬದ್ಧವಾಗಿ ಅಭ್ಯಸಿಸಿದರು. ಈ ಕ್ಷೇತ್ರದ ಪರಿಭಾಷೆಯ ಬಹುಪಾಲು ಅವರ ಬರಹಗಳಿಂದ ಬಂದದ್ದು.

ಜೈವಿಕ ತಂತ್ರಜ್ಞಾನದ ಕಡೆಗಿನ ತಿರುವು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆಯಿತು. ಬೊ ಮಾಟಿಯಾಸನ್ ಮತ್ತು ಇಗೊರ್ ಗಲಾಯೆವ್ ಅವರ ಗುಂಪು ಲೊಜಿನ್‌ಸ್ಕಿಯವರ ಸಹಯೋಗದಲ್ಲಿ, ರಾಸಾಯನಿಕವಾಗಿ ಬೆಸೆದ ಕ್ರಯೋಜೆಲ್‌ಗಳನ್ನು ಕೊಳವೆಯೊಳಗೇ ರೂಪಿಸಿ ಬೇರ್ಪಡಿಕೆಯ ಕಾಲಮ್‌ಗಳಾಗಿ ಬಳಸುವ ವಿಧಾನವನ್ನು ಅಭಿವೃದ್ಧಿಪಡಿಸಿತು. ಇಂಥ ಕಾಲಮ್‌ಗಳಲ್ಲಿ ಇಡೀ ಸೂಕ್ಷ್ಮಜೀವಿಗಳನ್ನೇ ಬೇರ್ಪಡಿಸಿದ ವರದಿ 2002ರಲ್ಲಿ ಪ್ರಕಟವಾಯಿತು; 2003ರ ಒಂದು ವಿಮರ್ಶಾ ಲೇಖನ ವಿಷಯವನ್ನು ವ್ಯಾಪಕ ಓದುಗವಲಯಕ್ಕೆ ತಲುಪಿಸಿತು. ಲುಂಡ್‌ನಲ್ಲಿ ಕೆಲಸ ಮಾಡಿದ್ದ ಅಶೋಕ್ ಕುಮಾರ್ ಅವರು ಬಳಿಕ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿ, ಕೋಶ ಬೇರ್ಪಡಿಕೆ ಮತ್ತು ಅಂಗಾಂಶ ಎಂಜಿನಿಯರಿಂಗ್‌ಗೆ ವಿಸ್ತರಿಸಿದರು. ಟರ್ಕಿಯಲ್ಲಿ ಓಗುಜ್ ಓಕಾಯ್ ಮತ್ತು ಅದಿಲ್ ಡೆನಿಜ್ಲಿ ಅವರ ಗುಂಪುಗಳೂ ಗಣನೀಯ ಕೆಲಸ ಮಾಡಿವೆ.

ಜೆಲ್ ರೂಪುಗೊಳ್ಳುವ ಬಗೆ

ಒಂದು ದ್ರಾವಣವನ್ನು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ತಂಪಾಗಿಸಿದರೆ ಅದು ಒಟ್ಟಾಗಿ ಗಟ್ಟಿಯಾಗುವುದಿಲ್ಲ. ಶುದ್ಧ ನೀರು ಮಂಜುಗಡ್ಡೆಯಾಗಿ ಬೇರ್ಪಡುತ್ತದೆ. ಹರಳಿನ ಜಾಲಕದಲ್ಲಿ ಅನ್ಯ ಅಣುಗಳಿಗೆ ಎಡೆಯಿಲ್ಲವಾದ್ದರಿಂದ ಕರಗಿದ್ದ ಪದಾರ್ಥವೆಲ್ಲ ಹರಳುಗಳ ನಡುವಿನ ಸಂದುಗಳಿಗೆ ತಳ್ಳಲ್ಪಡುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ ಗಡ್ಡೆಯಂತೆ ಕಂಡರೂ ಒಳಗೆ ತೆಳುವಾದ ದ್ರವದ ಪದರಗಳು ಜಾಲದಂತೆ ಉಳಿದಿರುತ್ತವೆ. ಇವನ್ನು 'ಹೆಪ್ಪುಗಟ್ಟದ ದ್ರವ ಸೂಕ್ಷ್ಮಪ್ರಾವಸ್ಥೆ' ಎಂದು ಕರೆಯಲಾಗುತ್ತದೆ. ಜೆಲ್ ಹುಟ್ಟುವುದು ಈ ಪದರಗಳಲ್ಲಿ ಮಾತ್ರ.

ಈ ಪದರಗಳು ಎಷ್ಟು ಕಿರಿದೆಂಬುದನ್ನು ಒಂದು ಸರಳ ಲೆಕ್ಕದಿಂದ ಊಹಿಸಬಹುದು. ಒಂದು ಕಿಲೋಗ್ರಾಂ ನೀರಿನಲ್ಲಿ 60 ಗ್ರಾಂ ಅಕ್ರಿಲಮೈಡ್ ಕರಗಿಸಿದರೆ ದ್ರಾವಣದ ಸಾರತೆ ಕಿಲೋಗ್ರಾಂಗೆ ಸುಮಾರು 0.85 ಮೋಲ್. ನೀರಿನ ಘನೀಕರಣ ಬಿಂದು ಪ್ರತಿ ಮೋಲ್‌ಗೆ 1.86 ಡಿಗ್ರಿಯಂತೆ ಇಳಿಯುವುದರಿಂದ, −12 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿಯೇ ಉಳಿಯಬೇಕಾದರೆ ಸಾರತೆ ಸುಮಾರು 6.5 ಮೋಲ್‌ಗೆ ಏರಬೇಕು. ಅಂದರೆ, ಆದರ್ಶ ದ್ರಾವಣವೆಂದು ಭಾವಿಸಿದರೆ, ನೀರಿನ ಸುಮಾರು ಎಂಟನೆಯ ಒಂದು ಭಾಗ ಮಾತ್ರ ದ್ರವವಾಗಿ ಉಳಿದು, ಅಕ್ರಿಲಮೈಡ್ ಏಳೆಂಟು ಪಟ್ಟು ಸಾಂದ್ರವಾಗುತ್ತದೆ. ಇದೇ ಶೀತಸಾಂದ್ರೀಕರಣ. ಉಷ್ಣತೆ ಇಳಿದಾಗ ರಾಸಾಯನಿಕ ಕ್ರಿಯೆ ನಿಧಾನವಾಗಬೇಕು. ಆದರೆ ಕ್ರಿಯಾಕಾರಿಗಳು ಒತ್ತೊತ್ತಾಗಿ ಸೇರಿರುವುದರಿಂದ ಆ ನಷ್ಟ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿ ಜೆಲ್ಲೇ ಆಗದಷ್ಟು ತೆಳುವಾದ ದ್ರಾವಣಗಳು ಕೂಡ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಗಟ್ಟಿ ಜೆಲ್ ಕೊಡುವುದು ಇದೇ ಕಾರಣದಿಂದ.

ಕರಗಿಸಿದ ಮೇಲೆ ಮಂಜುಗಡ್ಡೆಯ ಜಾಗದಲ್ಲಿ ನೀರು ತುಂಬಿದ ಟೊಳ್ಳುಗಳಿರುತ್ತವೆ. ಹರಳುಗಳು ಬೆಳೆಯುತ್ತ ಒಂದನ್ನೊಂದು ತಾಗಿರುವುದರಿಂದ ಟೊಳ್ಳುಗಳೂ ಒಂದರೊಳಗೊಂದು ತೆರೆದುಕೊಂಡಿರುತ್ತವೆ. ಹರಳಿನ ಚೂಪು ಮೂಲೆಗಳು ಮೇಲ್ಮೈ ಎಳೆತದಿಂದ ದುಂಡಗಾಗುತ್ತವೆ.

ತಯಾರಿಕೆ

ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿರುವ ಪಾಲಿಅಕ್ರಿಲಮೈಡ್ ಕ್ರಯೋಜೆಲ್‌ಗೆ ಅಕ್ರಿಲಮೈಡ್ ಜೊತೆಗೆ ಅಡ್ಡಬಂಧಗಳನ್ನು ಕೊಡುವ ಮೆಥಿಲೀನ್-ಬಿಸ್-ಅಕ್ರಿಲಮೈಡ್ ಅನ್ನು ಬೆರೆಸಲಾಗುತ್ತದೆ. ಮುಂದೆ ಪ್ರೋಟೀನ್‌ಗಳನ್ನು ಜೋಡಿಸಲು ಕೊಂಡಿ ಬೇಕಾದರೆ ಎಪಾಕ್ಸಿ ಗುಂಪುಳ್ಳ ಅಲೈಲ್ ಗ್ಲೈಸಿಡೈಲ್ ಈಥರ್ ಸೇರಿಸುತ್ತಾರೆ. ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟು ತಂಪಾಗಿಸಿ, ಅಮೋನಿಯಂ ಪರ್ಸಲ್ಫೇಟ್ ಮತ್ತು ಟೆಮೆಡ್ ಎಂಬ ಪ್ರಚೋದಕ ಜೋಡಿಯನ್ನು ಕೊನೆಯಲ್ಲಿ ಬೆರೆಸಿ, ಕೂಡಲೇ ಗಾಜಿನ ಕೊಳವೆಗೆ ಸುರಿದು −12 ಡಿಗ್ರಿಯ ಆಸುಪಾಸಿನಲ್ಲಿ ರಾತ್ರಿಯಿಡೀ ಇಡಲಾಗುತ್ತದೆ. ಬೆಳಿಗ್ಗೆ ಕರಗಿಸಿ ನೀರಿನಿಂದ ತೊಳೆದರೆ ಕೊಳವೆಯ ಆಕಾರದ ಬಿಳಿ ಸ್ಪಂಜು ಸಿದ್ಧ. ಸಾವಯವ ದ್ರಾವಕವಾಗಲಿ ದುಬಾರಿ ಯಂತ್ರವಾಗಲಿ ಇದಕ್ಕೆ ಬೇಕಿಲ್ಲ. ರಂಧ್ರ ಮಾಡುವ ಪದಾರ್ಥ ಬರಿಯ ಮಂಜುಗಡ್ಡೆ. ಅದನ್ನು ತೆಗೆದುಹಾಕಲು ಕರಗಿಸಿದರೆ ಸಾಕು. ವಿಧಾನ ಇಷ್ಟು ಬೇಗ ಹರಡಲು ಈ ಸರಳತೆಯೂ ಒಂದು ಕಾರಣವಾಗಿರಬೇಕು.

ಸರಳತೆಯ ಹಿಂದೆ ಒಂದು ಪೈಪೋಟಿ ಅಡಗಿದೆ. ದ್ರಾವಣ ಹೆಪ್ಪುಗಟ್ಟುವುದಕ್ಕೆ ಮೊದಲೇ ಜೆಲ್ ಆಗಿಬಿಟ್ಟರೆ ದೊರೆಯುವುದು ಸಾಮಾನ್ಯ ಜೆಲ್. ಬಳಿಕ ಬೆಳೆಯುವ ಹರಳುಗಳು ಅದನ್ನು ಅಲ್ಲಲ್ಲಿ ಸೀಳುತ್ತವೆಯೇ ಹೊರತು ಕ್ರಮವಾದ ರಂಧ್ರಜಾಲ ಉಂಟಾಗದು. ಆದ್ದರಿಂದ ಪ್ರಚೋದಕದ ಪ್ರಮಾಣ, ಆರಂಭದ ಉಷ್ಣತೆ ಮತ್ತು ತಂಪಾಗುವ ವೇಗ ಇವು ಮೂರನ್ನೂ ಹೊಂದಿಸಬೇಕಾಗುತ್ತದೆ. ನೀರು ಅತಿಶೀತಲ ಸ್ಥಿತಿಗೆ ಹೋಗುವುದು ಇನ್ನೊಂದು ತೊಡಕು: ಘನೀಕರಣ ಬಿಂದುವಿಗಿಂತ ಹಲವು ಡಿಗ್ರಿ ಕೆಳಗಿದ್ದರೂ ಮೊದಲ ಹರಳು ಹುಟ್ಟದೆ ದ್ರವವಾಗಿಯೇ ನಿಂತಿದ್ದು, ಒಮ್ಮೆಲೇ ಹೆಪ್ಪುಗಟ್ಟುತ್ತದೆ. ಆ ಕ್ಷಣ ಯಾವಾಗ ಬರುವುದೆಂಬುದು ಅಂದಂದಿಗೆ ಬದಲಾಗುವುದರಿಂದ ಒಂದೇ ಪಾಕದ ಎರಡು ತಯಾರಿಗಳು ಬೇರೆ ಬೇರೆಯಾಗಬಹುದು.

ರಂಧ್ರಗಳ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಹರಳುಗಳ ಗಾತ್ರ. ನಿಧಾನವಾಗಿ ತಂಪಾದರೆ ಕೆಲವೇ ದೊಡ್ಡ ಹರಳುಗಳು, ವೇಗವಾಗಿ ತಂಪಾದರೆ ಅನೇಕ ಸಣ್ಣ ಹರಳುಗಳು. ಉಷ್ಣತೆ ಹೆಚ್ಚು ಕೆಳಗಿದ್ದಷ್ಟೂ, ಮಾನೋಮರ್ ಹೆಚ್ಚಿದ್ದಷ್ಟೂ ರಂಧ್ರಗಳು ಕಿರಿದಾಗುತ್ತವೆ. ಒಂದೇ ದಿಕ್ಕಿನಿಂದ ಶಾಖ ತೆಗೆದರೆ ಹರಳುಗಳು ಕಡ್ಡಿಗಳಂತೆ ಸಾಲಾಗಿ ಬೆಳೆದು ಸಮಾನಾಂತರ ನಾಳಗಳನ್ನು ಕೊಡುತ್ತವೆ.

ಪಾಲಿವಿನೈಲ್ ಆಲ್ಕೊಹಾಲ್‌ನ ವಿಷಯ ಬೇರೆ. ಇಲ್ಲಿ ರಾಸಾಯನಿಕ ಬೆಸುಗೆಯೇ ಇಲ್ಲ. ಸಾಂದ್ರವಾದ ಪಾಲಿಮರ್ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಒತ್ತಿಕೊಂಡು ಅತಿಸಣ್ಣ ಸ್ಫಟಿಕ ವಲಯಗಳನ್ನು ಕಟ್ಟುತ್ತವೆ, ಅವೇ ಗಂಟುಗಳು. ಇದರಲ್ಲಿ ಹೆಪ್ಪುಗಟ್ಟಿಸುವುದಕ್ಕಿಂತ ಕರಗಿಸುವ ಹಂತವೇ ಹೆಚ್ಚು ಮುಖ್ಯ. ನಿಧಾನವಾಗಿ ಕರಗಿಸಿದಷ್ಟೂ ಸರಪಳಿಗಳಿಗೆ ಹೊಂದಿಕೊಳ್ಳಲು ಸಮಯ ಸಿಕ್ಕಿ ಜೆಲ್ ಬಲಗೊಳ್ಳುತ್ತದೆ. ಹೆಪ್ಪುಗಟ್ಟಿಸಿ ಕರಗಿಸುವ ಆವರ್ತನವನ್ನು ಹಲವು ಬಾರಿ ನಡೆಸಿದರೂ ಬಲ ಹೆಚ್ಚುತ್ತದೆ. ಈ ಜೆಲ್‌ಗಳ ರಂಧ್ರಗಳು ಪಾಲಿಅಕ್ರಿಲಮೈಡ್ ಕ್ರಯೋಜೆಲ್‌ಗಳಿಗಿಂತ ಕಿರಿದು, ಹೆಚ್ಚಾಗಿ ಮೈಕ್ರೊಮೀಟರ್‌ನ ಆಸುಪಾಸಿನವು. ಕ್ರಯೋಜೆಲ್‌ಗಳೆಲ್ಲವೂ ಬೃಹದ್ರಂಧ್ರಗಳವೆಂಬ ಸಾಮಾನ್ಯ ಹೇಳಿಕೆ ಈ ಕಾರಣದಿಂದ ಪೂರ್ಣ ಸರಿಯಲ್ಲ. ಜೆಲಟಿನ್, ಕೈಟೊಸಾನ್, ಅಗರೋಸ್, ಆಲ್ಜಿನೇಟ್, ಹೈಯಲುರೋನಿಕ್ ಆಮ್ಲ, ರೇಷ್ಮೆಯ ಫೈಬ್ರಾಯಿನ್ ಮುಂತಾದ ನೈಸರ್ಗಿಕ ಪಾಲಿಮರ್‌ಗಳಿಂದಲೂ ಕ್ರಯೋಜೆಲ್ ತಯಾರಿಸಲಾಗಿದೆ.

ರಂಧ್ರ ಮತ್ತು ಭಿತ್ತಿ

ಕ್ರಯೋಜೆಲ್‌ನ ಗಾತ್ರದಲ್ಲಿ ಸಾಮಾನ್ಯವಾಗಿ ಶೇಕಡ 80ರಿಂದ 90ಕ್ಕೂ ಹೆಚ್ಚು ಭಾಗ ರಂಧ್ರಗಳೇ. ಉಳಿದ ಭಾಗದಲ್ಲಿ ಪಾಲಿಮರ್ ತೆಳುವಾದ, ಆದರೆ ಒತ್ತಾಗಿ ಹೆಣೆದ ಭಿತ್ತಿಗಳಾಗಿ ನಿಂತಿರುತ್ತದೆ. ಅದೇ ಪ್ರಮಾಣದ ಪಾಲಿಮರ್ ಸಾಮಾನ್ಯ ಜೆಲ್‌ನಲ್ಲಿ ಎಲ್ಲೆಡೆ ಸಮನಾಗಿ ಹರಡಿದ್ದರೆ ಜೆಲ್ ಒತ್ತಿದರೆ ಒಡೆಯುವಷ್ಟು ದುರ್ಬಲವಾಗಿರುತ್ತಿತ್ತು. ಕ್ರಯೋಜೆಲ್ಲನ್ನಾದರೋ ಬೆರಳುಗಳ ನಡುವೆ ಹಿಂಡಿ ನೀರನ್ನೆಲ್ಲ ತೆಗೆಯಬಹುದು. ಮತ್ತೆ ನೀರಿಗೆ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಮೊದಲಿನ ಆಕಾರಕ್ಕೆ ಮರಳುತ್ತದೆ. ಒತ್ತಡ ಬಿದ್ದಾಗ ನೀರು ದೊಡ್ಡ ರಂಧ್ರಗಳ ಮೂಲಕ ಸುಲಭವಾಗಿ ಹೊರಹೋಗುವುದರಿಂದ ಭಿತ್ತಿಗಳು ಸೀಳದೆ ಬಾಗುತ್ತವೆ.

ಜೈವಿಕ ತಂತ್ರಜ್ಞಾನದಲ್ಲಿ ಕ್ರಯೋಜೆಲ್‌ನ ಸಾಮರ್ಥ್ಯವೂ ದೌರ್ಬಲ್ಯವೂ ಒಂದೇ ಮೂಲದಿಂದ, ಅಂದರೆ ರಂಧ್ರದ ಅಗಲದಿಂದ, ಬರುತ್ತವೆ. ನಾಳದ ಮೂಲಕ ಹರಿಯುವ ದ್ರವಕ್ಕೆ ಪೊಯ್ಸೆಯ ನಿಯಮ ಅನ್ವಯಿಸುತ್ತದೆ. ಒಟ್ಟು ರಂಧ್ರಭಾಗ ಬದಲಾಗದೆ ರಂಧ್ರದ ವ್ಯಾಸ ಎರಡು ಪಟ್ಟಾದರೆ ಹರಿವಿಗಿರುವ ತಡೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಪಂಪಿನ ಒತ್ತಡವಿಲ್ಲದೆ, ಮೇಲಿಟ್ಟ ಪಾತ್ರೆಯಿಂದ ಇಳಿಯುವ ದ್ರವದ ಭಾರದಿಂದಲೇ, ಕ್ರಯೋಜೆಲ್ ಕಾಲಮ್‌ಗಳಲ್ಲಿ ಗಂಟೆಗೆ ನೂರಾರು ಸೆಂಟಿಮೀಟರ್ ವೇಗದ ಹರಿವು ಸಾಧ್ಯ. ಆದರೆ ಅದೇ ಗಾತ್ರದಲ್ಲಿ ದೊರೆಯುವ ಭಿತ್ತಿಯ ಮೇಲ್ಮೈ ವ್ಯಾಸಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಶೇಕಡ 90 ರಂಧ್ರಭಾಗವಿರುವ ಪದಾರ್ಥದಲ್ಲಿ ರಂಧ್ರಗಳು 50 ಮೈಕ್ರೊಮೀಟರ್ ಅಗಲದ ಕೊಳವೆಗಳೆಂದು ಭಾವಿಸಿದರೆ ಒಂದು ಮಿಲಿಲೀಟರ್‌ನಲ್ಲಿ ಸಿಗುವ ಮೇಲ್ಮೈ ಸುಮಾರು 0.07 ಚದರ ಮೀಟರ್. ರಂಧ್ರಗಳು 100 ನ್ಯಾನೊಮೀಟರ್ ಇದ್ದಿದ್ದರೆ 36 ಚದರ ಮೀಟರ್ ಸಿಗುತ್ತಿತ್ತು. ಐನೂರು ಪಟ್ಟಿನ ಈ ಅಂತರ ಎಷ್ಟು ಪ್ರೋಟೀನ್ ಹಿಡಿದಿಡಬಹುದೆಂಬುದರ ಮೇಲೆ ನೇರ ಪರಿಣಾಮ ಬೀರುತ್ತದೆ. ಒತ್ತಾದ ಭಿತ್ತಿಯೊಳಗೆ ಪ್ರೋಟೀನ್‌ಗಳು ಸುಲಭವಾಗಿ ನುಗ್ಗಲಾರವಾದ್ದರಿಂದ ಭಿತ್ತಿಯ ಒಳಭಾಗ ಲೆಕ್ಕಕ್ಕೆ ಬರುವುದಿಲ್ಲ.

ಬೇರ್ಪಡಿಕೆಯ ಕಾಲಮ್‌ಗಳು

ಔಷಧವಾಗಿ ಬಳಸುವ ಪ್ರೋಟೀನ್‌ಗಳನ್ನು ಶುದ್ಧೀಕರಿಸುವ ಸಾಂಪ್ರದಾಯಿಕ ಕಾಲಮ್‌ಗಳಲ್ಲಿ ಅಗರೋಸ್ ಮುಂತಾದ ಪದಾರ್ಥಗಳ ಪುಟ್ಟ ಮಣಿಗಳನ್ನು ತುಂಬಿರುತ್ತಾರೆ. ಹುದುಗಿಸಿದ ದ್ರವವನ್ನು ನೇರವಾಗಿ ಅದರ ಮೇಲೆ ಸುರಿಯುವಂತಿಲ್ಲ. ಕೋಶಗಳೂ ಅವುಗಳ ಚೂರುಗಳೂ ಮಣಿಗಳ ಸಂದುಗಳಲ್ಲಿ ಸಿಲುಕಿ ಕಾಲಮ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸೋಸಿ, ತಿಳಿಯಾದ ದ್ರವವನ್ನು ಮಾತ್ರ ಕಾಲಮ್‌ಗೆ ಹಾಯಿಸಬೇಕು. ಪ್ರತಿಯೊಂದು ಹೆಚ್ಚುವರಿ ಹಂತದಲ್ಲಿಯೂ ಸ್ವಲ್ಪ ಪದಾರ್ಥ ನಷ್ಟವಾಗುತ್ತದೆ, ಸಮಯವೂ ಹೋಗುತ್ತದೆ. ಅಷ್ಟರಲ್ಲಿ ಕೋಶಗಳಿಂದ ಹೊರಬಿದ್ದ ಪ್ರೋಟಿಯೇಸ್‌ಗಳು ಬೇಕಾದ ಪ್ರೋಟೀನನ್ನೇ ಕತ್ತರಿಸುವುದುಂಟು. ಕ್ರಯೋಜೆಲ್ ಕಾಲಮ್ ಒಂದೇ ಅಖಂಡ ತುಂಡು. ಸುಮಾರು 1ರಿಂದ 2 ಮೈಕ್ರೊಮೀಟರ್‌ನ ಬ್ಯಾಕ್ಟೀರಿಯಾಗಳಿಗೂ 7ರಿಂದ 8 ಮೈಕ್ರೊಮೀಟರ್ ವ್ಯಾಸದ ಕೆಂಪು ರಕ್ತಕಣಗಳಿಗೂ ಅದರ ರಂಧ್ರಗಳಲ್ಲಿ ದಾರಿಯಿದೆ. ಕೋಶಸಮೇತ ದ್ರವವನ್ನು ಹಾಗೆಯೇ ಹಾಯಿಸಿ ಬೇಕಾದ ಪ್ರೋಟೀನನ್ನು ಭಿತ್ತಿಯ ಮೇಲಿನ ಲಿಗ್ಯಾಂಡ್‌ಗಳಿಗೆ ಅಂಟಿಸಿಕೊಳ್ಳಬಹುದು.

ಅಣುಗಳು ಅಂಟುವ ಬಗೆಯೂ ಭಿನ್ನ. ಮಣಿಯೊಳಗೆ ಅಣುಗಳು ವಿಸರಣೆಯಿಂದ ಮಾತ್ರ ಸಾಗಬೇಕು. 90 ಮೈಕ್ರೊಮೀಟರ್ ವ್ಯಾಸದ ಮಣಿಯ ಕೇಂದ್ರವನ್ನು ಮುಟ್ಟಲು ಆಲ್ಬುಮಿನ್‌ನಂಥ ಪ್ರೋಟೀನಿಗೆ ಬರಿಯ ನೀರಿನಲ್ಲಾದರೂ ಹದಿನೈದು-ಇಪ್ಪತ್ತು ಸೆಕೆಂಡುಗಳು ಬೇಕು, ಜೆಲ್‌ನೊಳಗೆ ಇನ್ನೂ ಹೆಚ್ಚು. ಹರಿವು ವೇಗವಾದರೆ ಪ್ರೋಟೀನ್ ಒಳಸೇರುವ ಮೊದಲೇ ಹೊರಗೆ ಹರಿದುಹೋಗುತ್ತದೆ. ಕ್ರಯೋಜೆಲ್‌ನಲ್ಲಿ ಹರಿವೇ ಅಣುಗಳನ್ನು ಭಿತ್ತಿಯ ಬಳಿಗೆ ಒಯ್ಯುವುದರಿಂದ ವೇಗ ಹೆಚ್ಚಿಸಿದರೂ ಹಿಡಿಯುವ ಸಾಮರ್ಥ್ಯ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಆ ಸಾಮರ್ಥ್ಯವೇ ಮೊದಲಿನಿಂದ ಕಡಿಮೆ. ಒಳ್ಳೆಯ ಮಣಿಗಳು ಪ್ರತಿ ಮಿಲಿಲೀಟರ್‌ಗೆ ಹತ್ತಾರು ಮಿಲಿಗ್ರಾಂ ಪ್ರೋಟೀನ್ ಹಿಡಿದರೆ ಸಾದಾ ಕ್ರಯೋಜೆಲ್‌ಗಳು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ ಹಿಡಿಯುತ್ತವೆ. ಭಿತ್ತಿಯ ಮೇಲೆ ಪಾಲಿಮರ್ ಎಳೆಗಳನ್ನು ಕುಂಚದಂತೆ ಬೆಳೆಸುವುದು, ಹೀರುವ ಸಣ್ಣ ಕಣಗಳನ್ನು ಭಿತ್ತಿಯೊಳಗೆ ಹುದುಗಿಸುವುದು ಮುಂತಾದ ಉಪಾಯಗಳಿಂದ ಇದನ್ನು ಸುಧಾರಿಸುವ ಪ್ರಯತ್ನಗಳು ನಡೆದಿವೆ. ಕಾರ್ಖಾನೆಗಳಲ್ಲಿ ಮಣಿಗಳ ಸ್ಥಾನವನ್ನು ಕ್ರಯೋಜೆಲ್ ಕಸಿದುಕೊಳ್ಳದಿರಲು ಮುಖ್ಯ ಕಾರಣ ಈ ಕೊರತೆಯೇ.

ಕೋಶ, ವೈರಸ್ ಮುಂತಾದ ದೊಡ್ಡ ಕಣಗಳ ವಿಷಯದಲ್ಲಿ ತಕ್ಕಡಿ ಕ್ರಯೋಜೆಲ್‌ನ ಕಡೆಗೆ ವಾಲುತ್ತದೆ. ಇವು ಮಣಿಯೊಳಗಿನ ನ್ಯಾನೊರಂಧ್ರಗಳಿಗೆ ಹೋಗಲಾರವಾದ್ದರಿಂದ ಮಣಿಯ ಅಪಾರ ಒಳಮೇಲ್ಮೈ ಅವಕ್ಕೆ ನಿರುಪಯೋಗಿ.

ಕೋಶಗಳನ್ನು ಹಿಡಿಯುವುದು ಮತ್ತು ಬಿಡಿಸುವುದು

ಜೀವಕೋಶಗಳನ್ನು ಲಿಗ್ಯಾಂಡ್‌ಗಳ ಸಹಾಯದಿಂದ ಹಿಡಿಯುವುದು ಕಷ್ಟವಲ್ಲ, ಬಿಡಿಸುವುದು ಕಷ್ಟ. ಪ್ರೋಟೀನ್ ಅಣು ಒಂದೆರಡು ಕಡೆ ಅಂಟಿದರೆ ಕೋಶವು ತನ್ನ ಮೇಲ್ಮೈಯ ಅಸಂಖ್ಯ ಬಿಂದುಗಳಲ್ಲಿ ಅಂಟಿಕೊಂಡಿರುತ್ತದೆ. ಆಮ್ಲ ಅಥವಾ ಹೆಚ್ಚಿನ ಲವಣದಿಂದ ಬಿಡಿಸಲು ಹೋದರೆ ಕೋಶಗಳು ಸಾಯುತ್ತವೆ, ಜೋರಾದ ಹರಿವಿನಿಂದ ಒಡೆಯುತ್ತವೆ.

ಲುಂಡ್ ಗುಂಪು 2006ರಲ್ಲಿ ಪ್ರಕಟಿಸಿದ ಪರಿಹಾರ ಆಶ್ಚರ್ಯಕರವಾಗಿ ಸರಳವಾಗಿತ್ತು: ಕ್ರಯೋಜೆಲ್ಲನ್ನು ಸ್ಪಂಜಿನಂತೆ ಹಿಂಡುವುದು. ಹಿಂಡಿದಾಗ ಭಿತ್ತಿಗಳು ಬಾಗಿ, ಲಿಗ್ಯಾಂಡ್‌ಗಳ ನಡುವಿನ ಅಂತರ ಬದಲಾಗಿ, ಕೋಶದ ಹಲವು ಹಿಡಿತಗಳು ಒಟ್ಟಿಗೆ ಸಡಿಲಗೊಳ್ಳುತ್ತವೆ. ಹೊರಚಿಮ್ಮುವ ದ್ರವ ಅವುಗಳನ್ನು ಕೊಂಡೊಯ್ಯುತ್ತದೆ. ಒಂದೇ ಬಿಂದುವಿನಲ್ಲಿ ಅಂಟಿದ ಪ್ರೋಟೀನ್ ಅಣುಗಳು ಇದರಿಂದ ಅಷ್ಟಾಗಿ ಬಿಡುವುದಿಲ್ಲವೆಂಬುದು ಈ ವಿವರಣೆಗೆ ಹೊಂದುತ್ತದೆ. ರಕ್ತದ ಲಿಂಫೊಸೈಟ್‌ಗಳನ್ನು ಬೇರ್ಪಡಿಸುವುದು ಇದಕ್ಕೆ ಒಳ್ಳೆಯ ನಿದರ್ಶನ. ಬಿ-ಕೋಶಗಳಿಗೆ ಅವುಗಳ ಮೇಲ್ಮೈಯ ಇಮ್ಯುನೊಗ್ಲೊಬ್ಯುಲಿನ್ ಗುರುತಿಸುವ ಪ್ರತಿಕಾಯಗಳನ್ನು ಮೊದಲು ತಗುಲಿಸಿ, ಪ್ರೋಟೀನ್-ಎ ಜೋಡಿಸಿದ ಕ್ರಯೋಜೆಲ್‌ಗೆ ಹಾಯಿಸಿದರೆ ಅವು ಅಲ್ಲಿ ನಿಲ್ಲುತ್ತವೆ, ಟಿ-ಕೋಶಗಳು ಹರಿದುಹೋಗುತ್ತವೆ. ಬಳಿಕ ಹಿಂಡಿ ಬಿ-ಕೋಶಗಳನ್ನು ಜೀವಂತವಾಗಿ ಪಡೆಯಬಹುದು. ಈ ವಿಧಾನದ ಹಂತಹಂತದ ವಿವರಣೆಯನ್ನು ಕಾನ್ಪುರದ ಗುಂಪು 2010ರಲ್ಲಿ ಪ್ರಕಟಿಸಿತು.

ಜೈವಿಕ ರಿಯಾಕ್ಟರ್‌ಗಳು

ಪಾಲಿವಿನೈಲ್ ಆಲ್ಕೊಹಾಲ್ ಕ್ರಯೋಜೆಲ್‌ನೊಳಗೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾಗಳನ್ನು ಸೇರಿಸಿಯೇ ಹೆಪ್ಪುಗಟ್ಟಿಸಿದರೆ ಅವುಗಳಲ್ಲಿ ಸಾಕಷ್ಟು ಬದುಕುಳಿದು, ಜೆಲ್‌ನೊಳಗೆ ನೆಲೆಸಿ ದೀರ್ಘಕಾಲ ಕೆಲಸ ಮಾಡಬಲ್ಲವು. ಎಥನಾಲ್ ಹುದುಗುವಿಕೆ, ತ್ಯಾಜ್ಯಜಲದ ಶುದ್ಧೀಕರಣ ಮೊದಲಾದವುಗಳಲ್ಲಿ ಇದನ್ನು ಪರೀಕ್ಷಿಸಲಾಗಿದೆ. ಆಲ್ಜಿನೇಟ್ ಮಣಿಗಳು ಫಾಸ್ಫೇಟ್ ಇರುವ ದ್ರವದಲ್ಲಿ ಸಡಿಲಗೊಳ್ಳುವಂತೆ ಈ ಜೆಲ್ ಕರಗುವುದಿಲ್ಲ, ಕಲಕುವ ಹೊಡೆತವನ್ನೂ ತಾಳುತ್ತದೆ.

ಪ್ರಾಣಿಕೋಶಗಳಿಗೆ ದೊಡ್ಡ ರಂಧ್ರಗಳ ಕ್ರಯೋಜೆಲ್ ಸೂಕ್ತ. ಅಶೋಕ್ ಕುಮಾರ್ ಮತ್ತು ಸಹೋದ್ಯೋಗಿಗಳು ಜೆಲಟಿನ್ ಜೋಡಿಸಿದ ಪಾಲಿಅಕ್ರಿಲಮೈಡ್ ಕ್ರಯೋಜೆಲ್‌ನಲ್ಲಿ ಮಾನವ ಫೈಬ್ರೊಸಾರ್ಕೋಮಾ ಕೋಶಗಳನ್ನು ಬೆಳೆಸಿದರು. ಅವು ಸ್ರವಿಸುವ ಯುರೋಕೈನೇಸ್ ಎಂಬ, ರಕ್ತದ ಹೆಪ್ಪನ್ನು ಕರಗಿಸಲು ನೆರವಾಗುವ ಕಿಣ್ವವನ್ನು, ತಾಮ್ರದ ಅಯಾನುಗಳನ್ನು ಹೊತ್ತ ಮತ್ತೊಂದು ಕ್ರಯೋಜೆಲ್ ಕಾಲಮ್‌ನಲ್ಲಿ ಹಿಡಿಯಲಾಯಿತು. ಪೋಷಕ ದ್ರವ ಎರಡರ ನಡುವೆ ಸುತ್ತುತ್ತಿದ್ದಂತೆ ಉತ್ಪಾದನೆಯೂ ಬೇರ್ಪಡಿಕೆಯೂ ಒಟ್ಟಿಗೆ, ಸುಮಾರು ಒಂದು ತಿಂಗಳು, ನಡೆದವು. ಯುರೋಕೈನೇಸ್ ತಾನಿರುವ ದ್ರವದಲ್ಲಿಯೇ ಕ್ರಮೇಣ ಹಾಳಾಗುವುದರಿಂದ ಅದನ್ನು ಹುಟ್ಟಿದ ಕೂಡಲೇ ತೆಗೆಯುವುದರಲ್ಲಿ ಲಾಭವಿದೆ. ಹೈಬ್ರಿಡೋಮಾ ಕೋಶಗಳಿಂದ ಏಕತದ್ರೂಪಿ ಪ್ರತಿಕಾಯಗಳನ್ನು ಪಡೆಯಲೂ ಇಂಥ ರಿಯಾಕ್ಟರ್‌ಗಳನ್ನು ಬಳಸಲಾಗಿದೆ.

ಅಂಗಾಂಶ ಎಂಜಿನಿಯರಿಂಗ್ ಮತ್ತು ವೈದ್ಯಕೀಯ

ದೇಹದ ಹೆಚ್ಚಿನ ಕೋಶಗಳು ಲೋಮನಾಳದಿಂದ ನೂರಿನ್ನೂರು ಮೈಕ್ರೊಮೀಟರ್ ಒಳಗಿದ್ದರೆ ಮಾತ್ರ ಸಾಕಷ್ಟು ಆಮ್ಲಜನಕ ಪಡೆಯುತ್ತವೆ. ದಪ್ಪನಾದ ಸಾಮಾನ್ಯ ಜೆಲ್‌ನಲ್ಲಿ ಬೆಳೆಸಿದ ಕೋಶಗಳು ಅಂಚಿನಲ್ಲಿ ಬದುಕಿ ನಡುವಿನಲ್ಲಿ ಸಾಯುವುದು ಇದರಿಂದ. ಕ್ರಯೋಜೆಲ್ ಹಂದರದಲ್ಲಿ ಪೋಷಕ ದ್ರವ ಒಳಗೆ ಹರಿಯಬಲ್ಲದು, ಕೋಶಗಳು ಒಳಕ್ಕೆ ವಲಸೆ ಹೋಗಬಲ್ಲವು. ಕೈಟೊಸಾನ್, ಅಗರೋಸ್ ಮತ್ತು ಜೆಲಟಿನ್ ಮೂರನ್ನೂ ಸೇರಿಸಿ ಕಾನ್ಪುರದಲ್ಲಿ ರೂಪಿಸಿದ ಮೃದ್ವಸ್ಥಿ ಹಂದರವನ್ನು 2011ರಲ್ಲಿ ವರದಿ ಮಾಡಲಾಯಿತು. ಮೂಳೆಗಾಗಿ ಹೈಡ್ರಾಕ್ಸಿಅಪಟೈಟ್ ಕಣಗಳನ್ನು ಸೇರಿಸಿದ ಕ್ರಯೋಜೆಲ್‌ಗಳೂ ಇವೆ.

ಹಿಂಡಿದರೂ ಆಕಾರ ಮರೆಯದ ಗುಣವನ್ನು ಸೂಜಿಮದ್ದಿಗೆ ಬಳಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಮೂನಿ ಅವರ ಪ್ರಯೋಗಾಲಯ. ಸಿದಿ ಬೆಂಚರಿಫ್ ಮತ್ತು ಸಹೋದ್ಯೋಗಿಗಳು 2012ರಲ್ಲಿ, ಮೊದಲೇ ರೂಪಿಸಿದ ಆಲ್ಜಿನೇಟ್ ಕ್ರಯೋಜೆಲ್ ತುಂಡುಗಳನ್ನು ಸಿರಿಂಜ್‌ನ ಸೂಜಿಯ ಮೂಲಕ ಚರ್ಮದ ಅಡಿಗೆ ಚುಚ್ಚಿದಾಗ ಅವು ಅಲ್ಲಿ ಮೊದಲಿನ ಆಕಾರಕ್ಕೆ ಅರಳುವುದನ್ನು ತೋರಿಸಿದರು. ಶಸ್ತ್ರಕ್ರಿಯೆಯಿಲ್ಲದೆ ಹಂದರವನ್ನು ಒಳಗಿಡಲು ಇದು ದಾರಿ. 2015ರಲ್ಲಿ ಅದೇ ಬಗೆಯ ಕ್ರಯೋಜೆಲ್‌ಗಳಿಗೆ ವಿಕಿರಣದಿಂದ ನಿಷ್ಕ್ರಿಯಗೊಳಿಸಿದ ಮೆಲನೋಮಾ ಕೋಶಗಳನ್ನೂ ರೋಗನಿರೋಧಕ ಪ್ರಚೋದಕಗಳನ್ನೂ ತುಂಬಿ, ಇಲಿಗಳಲ್ಲಿ ಕ್ಯಾನ್ಸರ್ ಲಸಿಕೆಯಾಗಿ ಪರೀಕ್ಷಿಸಲಾಯಿತು. ಚೀನಾದ ಶಿಯಾನ್ ಜಿಯಾವೊಟೊಂಗ್ ವಿಶ್ವವಿದ್ಯಾಲಯದ ಗುಂಪು 2018ರಲ್ಲಿ, ಕೈಯಿಂದ ಒತ್ತಿ ನಿಲ್ಲಿಸಲಾಗದ ಆಳದ ಗಾಯಗಳ ರಕ್ತಸ್ರಾವ ತಡೆಯಲು ಇಂಥದೇ ತತ್ತ್ವದ, ರಕ್ತ ಹೀರಿ ಉಬ್ಬುವ ಕೈಟೊಸಾನ್ ಆಧಾರಿತ ಕ್ರಯೋಜೆಲ್ಲನ್ನು ವರದಿ ಮಾಡಿತು. ಇವೆಲ್ಲ ಪ್ರಾಣಿಪ್ರಯೋಗಗಳ ಫಲಿತಾಂಶಗಳು.

ಮನುಷ್ಯರ ಚಿಕಿತ್ಸೆಗೆ ಮೊದಲು ತಲುಪಿದ್ದು ಹಳೆಯ ಪಾಲಿವಿನೈಲ್ ಆಲ್ಕೊಹಾಲ್ ಜೆಲ್. ಕಾಲಿನ ಹೆಬ್ಬೆರಳ ಸಂಧಿವಾತಕ್ಕೆ ಮೃದ್ವಸ್ಥಿಯ ಬದಲಿಗೆ ಕೂರಿಸುವ ಇದರ ಪುಟ್ಟ ಬಿರಡೆಯೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಅನುಮೋದನೆ ನೀಡಿತು. ಕೀಲನ್ನು ಶಾಶ್ವತವಾಗಿ ಬೆಸೆಯುವ ಶಸ್ತ್ರಕ್ರಿಯೆಗೆ ಹೋಲಿಸಿದರೆ ಇದರಲ್ಲಿ ಬೆರಳಿನ ಚಲನೆ ಉಳಿಯುತ್ತಿತ್ತು. ಆದರೆ ನಿರೀಕ್ಷೆಗಿಂತ ಹೆಚ್ಚು ರೋಗಿಗಳಲ್ಲಿ ಅದನ್ನು ತೆಗೆಯಬೇಕಾಗಿ ಬಂದು, ಮರುಶಸ್ತ್ರಕ್ರಿಯೆಗಳು ನಡೆದ ಕಾರಣ 2024ರಲ್ಲಿ ತಯಾರಕರು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಮೃದು ಅಂಗಾಂಶವನ್ನು ಹೋಲುವ ಇದೇ ಜೆಲ್ಲನ್ನು ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಯಂತ್ರಗಳನ್ನು ಪರೀಕ್ಷಿಸುವ ಕೃತಕ ಅಂಗ ಮಾದರಿಗಳಲ್ಲಿಯೂ ಬಳಸುತ್ತಾರೆ.

ಅಂಕಾರಾದ ಹಾಜೆತ್ತೆಪೆ ವಿಶ್ವವಿದ್ಯಾಲಯದಲ್ಲಿ ಡೆನಿಜ್ಲಿ ಅವರ ಗುಂಪು ರಕ್ತದಿಂದ ಬಿಲಿರುಬಿನ್, ಇಮ್ಯುನೊಗ್ಲೊಬ್ಯುಲಿನ್ ಮುಂತಾದವನ್ನು ತೆಗೆಯುವ ಕ್ರಯೋಜೆಲ್‌ಗಳನ್ನು ಪರೀಕ್ಷಿಸಿದೆ. ಲುಂಡ್‌ನಲ್ಲಿ, ನಿರ್ದಿಷ್ಟ ಅಣುವಿನ ಅಚ್ಚೊತ್ತಿದ ಕಣಗಳನ್ನು ಕ್ರಯೋಜೆಲ್‌ನಲ್ಲಿ ಹುದುಗಿಸಿ ನೀರಿನಿಂದ ಈಸ್ಟ್ರೊಜೆನ್‌ನಂಥ ಹಾರ್ಮೋನು ಮಾಲಿನ್ಯಕಾರಕಗಳನ್ನು ಸೋಸುವ ಪ್ರಯೋಗ ನಡೆಯಿತು.

ತಯಾರಿಕೆಯ ತೊಡಕುಗಳು

ಕೆಲವು ಮಿಲಿಲೀಟರ್‌ನ ಕಾಲಮ್ ಮಾಡಿದ ವಿಧಾನ ಲೀಟರ್‌ಗಟ್ಟಲೆ ಗಾತ್ರಕ್ಕೆ ಹಾಗೆಯೇ ಒಗ್ಗುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಗ್ರಾಂಗೆ 334 ಜೂಲ್ ಗುಪ್ತೋಷ್ಣ ಬಿಡುಗಡೆಯಾಗುತ್ತದೆ. ಅದು ಗೋಡೆಯ ಮೂಲಕ ಹೊರಹೋಗಬೇಕು. ಅಗಲವಾದ ಪಾತ್ರೆಯಲ್ಲಿ ಅಂಚು ಬೇಗನೆ ಹೆಪ್ಪುಗಟ್ಟಿ ಸಣ್ಣ ರಂಧ್ರಗಳನ್ನೂ, ನಡುಭಾಗ ತಡವಾಗಿ ಹೆಪ್ಪುಗಟ್ಟಿ ದೊಡ್ಡ ರಂಧ್ರಗಳನ್ನೂ ಪಡೆಯುತ್ತದೆ. ಕೆಲವೊಮ್ಮೆ ನಡುವಿನಲ್ಲಿ ಹೆಪ್ಪುಗಟ್ಟುವ ಮೊದಲೇ ಜೆಲ್ ಆಗಿಬಿಟ್ಟಿರುತ್ತದೆ. ಹರಿವು ಆಗ ಸುಲಭದ ದಾರಿಯಲ್ಲಿ ನುಗ್ಗಿ ಉಳಿದ ಭಾಗ ನಿಷ್ಕ್ರಿಯವಾಗುತ್ತದೆ. ದೊಡ್ಡ ತುಂಡಿನ ಬದಲು ಸಣ್ಣ ತುಂಡುಗಳನ್ನು ಪ್ಲಾಸ್ಟಿಕ್ ಕವಚಗಳಲ್ಲಿ ರೂಪಿಸಿ ಅವನ್ನು ಪಾತ್ರೆಯಲ್ಲಿ ತುಂಬುವುದು ಒಂದು ಪರ್ಯಾಯ.

ಅಕ್ರಿಲಮೈಡ್ ಪಾಲಿಮರ್ ಆಗಿ ಸೇರಿದ ಬಳಿಕ ನಿರುಪದ್ರವಿಯಾದರೂ ಬಿಡಿ ಮಾನೋಮರ್ ನರಮಂಡಲಕ್ಕೆ ವಿಷ. ಹಾಗಾಗಿ ವೈದ್ಯಕೀಯ ಬಳಕೆಗೆ ಮುನ್ನ ಜೆಲ್ಲನ್ನು ಎಚ್ಚರದಿಂದ ತೊಳೆಯಬೇಕು. ಅನೇಕ ಗುಂಪುಗಳು ಇದೇ ಕಾರಣಕ್ಕೆ ನೈಸರ್ಗಿಕ ಪಾಲಿಮರ್‌ಗಳ ಕಡೆ ಹೊರಳಿವೆ. ಕ್ರಿಮಿನಾಶನದಲ್ಲಿಯೂ ವ್ಯತ್ಯಾಸವಿದೆ. ರಾಸಾಯನಿಕವಾಗಿ ಬೆಸೆದ ಪಾಲಿಅಕ್ರಿಲಮೈಡ್ ಕ್ರಯೋಜೆಲ್ ಆಟೊಕ್ಲೇವ್‌ನ ಉಗಿಯನ್ನು ತಾಳಬಲ್ಲದು. ಪಾಲಿವಿನೈಲ್ ಆಲ್ಕೊಹಾಲ್ ಕ್ರಯೋಜೆಲ್ ಸುಮಾರು 70ರಿಂದ 80 ಡಿಗ್ರಿಯಲ್ಲಿ ಕರಗಿ ಮತ್ತೆ ದ್ರಾವಣವಾಗುವುದರಿಂದ ಅದಕ್ಕೆ ವಿಕಿರಣ ಅಥವಾ ರಾಸಾಯನಿಕ ವಿಧಾನಗಳೇ ಬೇಕಾಗುತ್ತವೆ.